ವೈನಿಯ ಎರಡು ಬೆರಳು

ನಮ್ಮ ಮನೆಯಲ್ಲಿ ಹೆಚ್ಚು ಓದಿದವನು ನಾನೊಬ್ಬನೇ. ಹೀಗಾಗಿ ಕಚೇರಿ, ಬ್ಯಾಂಕು, ದವಾಖಾನೆ ಎಲ್ಲಿ ಹೋದರೂ ಬಾಯಿ ತೆರೆಯುವ ಹಕ್ಕು ನನ್ನದೇ ಎಂದು ಮನೆಯವರು ತಿಳಿದಿದ್ದರು. ಅವರಿಗಿಂತ ಹೆಚ್ಚಾಗಿ ನಾನು ತಿಳಿದಿದ್ದೆ. ಅಫಜಲಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತ ಇಪ್ಪತ್ತಾರು ವರ್ಷವಾಯಿತು. ಉಸಿರಾಟದ ಪಾಠವನ್ನು ಪುಸ್ತಕ ಮುಟ್ಟದೆ ಹೇಳುತ್ತೇನೆ. ಮೂಗಿನಿಂದ ಹಿಡಿದು ಶ್ವಾಸಕೋಶದ ತುದಿಯವರೆಗೆ ಬಣ್ಣದ ಸೀಮೆಸುಣ್ಣದಲ್ಲಿ ಕಣ್ಣು ಮುಚ್ಚಿ ಬರೆಯಬಲ್ಲೆ. ಇಷ್ಟೆಲ್ಲ ಬಲ್ಲವನು ಮಾಡಿದ್ದೇನು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಹೇಳಬೇಕಾದದ್ದು ನಮ್ಮ ವೈನಿಯ ಸುದ್ದಿ.

ವೈನಿ ಎಂದರೆ ನನ್ನ ಅಣ್ಣ ಸೈದಪ್ಪನ ಹೆಂಡತಿ ನಿಂಬೆವ್ವ. ಜೇವರ್ಗಿ ತಾಲೂಕಿನ ನೆಲೋಗಿಯವಳು. ಹವಳಗಾದ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಹತ್ತೊಂಬತ್ತು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟಿದ್ದಳು. ಮಾತು ಕಡಿಮೆ, ಕಿವಿ ಚುರುಕು. ಒಲೆಯ ಕಡೆ ಬೆನ್ನು ಮಾಡಿ ಕೂತಿದ್ದರೂ ಎಸರಿನ ಸದ್ದಿನ ಮೇಲೆ ಬೇಳೆ ಬೆಂದದ್ದು ಹೇಳುತ್ತಿದ್ದಳು. ಎಮ್ಮೆ ಮೆಲುಕು ಹಾಕುವುದು ನಿಂತರೆ ಅಡುಗೆಮನೆಯಿಂದಲೇ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದಳು. ನನ್ನ ಅವ್ವ ಶಾರದಾಬಾಯಿ ಸೊಸೆಯನ್ನು ಹೊಗಳಿದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಈ ಕಿವಿಯ ಸಲುವಾಗಿ.

ಅಣ್ಣನ ಗೊರಕೆ ಊರಿಗೇ ಗೊತ್ತಿತ್ತು. ಅವನದು ಕಬ್ಬು ಸಾಗಿಸುವ ಟ್ರ್ಯಾಕ್ಟರ್. ಹಂಗಾಮಿನಲ್ಲಿ ಕಾರ್ಖಾನೆಯ ಮುಂದೆ ಗಾಡಿಗಳು ಒಂದರ ಹಿಂದೆ ಒಂದು ಪಾಳಿ ಹಚ್ಚಿ ನಿಲ್ಲುತ್ತವೆ, ಒಮ್ಮೊಮ್ಮೆ ದಿನಗಟ್ಟಲೆ. ಎಲ್ಲ ಡ್ರೈವರುಗಳೂ ಅಲ್ಲಿ ಒಂದು ನಿದ್ದೆ ತೆಗೆಯುತ್ತಾರೆ. ಆದರೆ ಅಣ್ಣ ಸ್ಟೇರಿಂಗಿಗೆ ತಲೆ ಕೊಟ್ಟನೆಂದರೆ ಹಿಂದಿನ ನಾಲ್ಕು ಗಾಡಿಯವರು ನಿದ್ದೆಯ ಆಸೆ ಬಿಡಬೇಕಿತ್ತು. "ಸೈದಪ್ಪ ಇನ್ನೊಂದ್ ಇಂಜಿನ್ ಚಾಲೂ ಮಾಡ್ಯಾನ ನೋಡು" ಎಂದು ನಗುತ್ತಿದ್ದರು. ಮನೆಯಲ್ಲಿ ಅವ್ವನಿಗೆ ಆ ಗೊರಕೆ ಒಂದು ಹೆಮ್ಮೆ. ಮೈಮುರಿದು ದುಡಿದವನಿಗೆ ಬರುವ ನಿದ್ದೆ ಅದು, ಕಳ್ಳ ಕೂಡ ನಮ್ಮ ಬಾಗಿಲಿಗೆ ಬರುವುದಿಲ್ಲ ಎನ್ನುತ್ತಿದ್ದಳು. ನಾನೂ ನಕ್ಕವನೇ.

ನಗದವಳು ವೈನಿ ಒಬ್ಬಳೇ. ಬೇರೆ ಹೆಂಗಸರಿಗೆ ಗಂಡನ ಗೊರಕೆಯಿಂದ ನಿದ್ದೆ ಹಾರಿದರೆ ಇವಳಿಗೆ ಗೊರಕೆ ನಿಂತಾಗ ಎಚ್ಚರವಾಗುತ್ತಿತ್ತು. ಮದುವೆಯಾದ ಹೊಸದರಲ್ಲೇ ಅವಳು ಗಮನಿಸಿದ್ದಳು. ಅಣ್ಣ ಅಂಗಾತ ಮಲಗಿದಾಗ ಗೊರಕೆ ಏರುತ್ತ ಏರುತ್ತ ಹೋಗಿ ಒಮ್ಮೆಗೇ ಕಡಿಯುತ್ತದೆ. ಎದೆ, ಹೊಟ್ಟೆ ಎಳೆದಾಡುತ್ತವೆ, ಉಸಿರು ಮಾತ್ರ ಒಳಗೆ ಹೋಗುವುದಿಲ್ಲ. ಆಗ ಅವಳು ಬಲಗೈಯ ಎರಡು ಬೆರಳನ್ನು ಅವನ ಗದ್ದದ ಎಲುಬಿನ ಕೆಳಗೆ ಕೊಟ್ಟು ಮುಂದಕ್ಕೆ ಎತ್ತುತ್ತಿದ್ದಳು. ಗಂಟಲಲ್ಲಿ ಏನೋ ಬಿಟ್ಟುಕೊಂಡ ಹಾಗೆ ಸದ್ದಾಗಿ ಉಸಿರು ಬರುತ್ತಿತ್ತು. ಆಮೇಲೆ ಅವನನ್ನು ಮಗ್ಗಲಿಗೆ ಹೊರಳಿಸಿ, ಬೆನ್ನಿಗೆ ಮಡಚಿದ ಕೌದಿ ಕೊಟ್ಟು ಮಲಗಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವನು ಮತ್ತೆ ಅಂಗಾತ. ಮತ್ತೆ ಎರಡು ಬೆರಳು. ಹೀಗೆ ಇಪ್ಪತ್ತೆರಡು ವರ್ಷ ನಡೆಯಿತು.

ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಣ್ಣನಿಗೂ ಗೊತ್ತಿರಲಿಲ್ಲ. ಹಗಲು ಹೊತ್ತಿನಲ್ಲಿ ವೈನಿ ರೊಟ್ಟಿ ಬಡಿಯುತ್ತ ಕೂತಲ್ಲೇ ತೂಕಡಿಸಿದರೆ ಅವ್ವ ಬೈಯುತ್ತಿದ್ದಳು. ಬಲಭುಜ ಹಿಡಿದುಕೊಂಡಿದೆ ಎಂದರೆ ನಾನೇ ಮುಲಾಮು ತಂದುಕೊಟ್ಟಿದ್ದೆ, ಯಾಕೆ ಹಿಡಿಯಿತು ಎಂದು ಕೇಳಿರಲಿಲ್ಲ. ಅವಳೂ ಹೇಳುವಂತಿರಲಿಲ್ಲ. ನಮ್ಮ ಮನೆಯಲ್ಲಿ ಸೊಸೆ ಗಂಡನ ಹೆಸರು ಹೇಳಬಾರದು. ಗಂಡನ ಹಾಸಿಗೆಯ ಸುದ್ದಿಯನ್ನಂತೂ ಅತ್ತೆಯ ಮುಂದೆ, ಮೈದುನನ ಮುಂದೆ ಎತ್ತಲೇಬಾರದು. ಎತ್ತಿದವಳಿಗೆ ನಾಚಿಕೆ ಇಲ್ಲ ಎಂದು ಅರ್ಥ. ಉಸಿರು ನಿಲ್ಲುವುದೂ ಹಾಸಿಗೆಯ ಸುದ್ದಿಯಲ್ಲವೇ?

ಒಂದು ಡಿಸೆಂಬರಿನಲ್ಲಿ ಅಣ್ಣ ಗಾಡಿ ಓಡಿಸುತ್ತಲೇ ನಿದ್ದೆ ಹೋದ. ತುಂಬಿದ ಟ್ರಾಲಿ ರಸ್ತೆ ಪಕ್ಕದ ತಗ್ಗಿಗೆ ಬಿತ್ತು. ದೇವರು ದೊಡ್ಡವನು, ಎದುರಿಗೆ ಯಾರೂ ಇರಲಿಲ್ಲ. ಅಣ್ಣನ ಭುಜದ ಎಲುಬು ಮುರಿದದ್ದಷ್ಟೇ. ಎಲುಬು ಕಟ್ಟಿದ ಡಾಕ್ಟರರೇ ಅವನು ಮಾತಾಡುತ್ತ ಮಾತಾಡುತ್ತ ಕಣ್ಣು ಮುಚ್ಚುವುದನ್ನು ನೋಡಿ, ಕಲಬುರಗಿಯ ಒಬ್ಬ ಕಿವಿ ಮೂಗು ಗಂಟಲಿನ ಡಾಕ್ಟರರಲ್ಲಿಗೆ ಕಳಿಸಿದರು. ಅಣ್ಣ, ಅವ್ವ, ನಾನು, ವೈನಿ ನಾಲ್ವರೂ ಹೋದೆವು. ಒಳಗೆ ಹೋದದ್ದು ಮೂವರು. ವೈನಿ ಬುತ್ತಿಗಂಟು ಹಿಡಿದುಕೊಂಡು ಹೊರಗೆ ಬೆಂಚಿನ ಮೇಲೆ ಕೂತಳು. ಕೂರು ಎಂದು ನಾನೇ ಹೇಳಿದ್ದೆ.

ಡಾಕ್ಟರರು ಬಾಯಿ ತೆರೆಸಿ ಬ್ಯಾಟರಿ ಹಾಕಿ ನೋಡಿದರು. ಟಾನ್ಸಿಲ್ ಎನ್ನುವ ಗಂಟಲ ಗಡ್ಡೆಗಳು ದಪ್ಪಗಿದ್ದವು, ಕಿರುನಾಲಿಗೆ ಜೋತುಬಿದ್ದಿತ್ತು. ಆಮೇಲೆ ನನ್ನ ಕಡೆ ತಿರುಗಿದರು.

"ಮಲಗಿದಾಗ ಉಸಿರು ನಿಂತು ನಿಂತು ಬರ್ತದೇನ್ರಿ? ಯಾರಾದ್ರೂ ನೋಡ್ಯಾರ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಹೊರಗೆ ಕೂತವಳನ್ನು ಕರೆಯಬಹುದಿತ್ತು. ಆದರೆ ಮಾಸ್ತರನಾದವನಿಗೆ ಗೊತ್ತಿಲ್ಲ ಎಂಬ ಮಾತು ಬಾಯಿಗೆ ಬರುವುದಿಲ್ಲ, ಅದೊಂದು ರೋಗ.

"ಇಲ್ರಿ ಸಾಹೇಬ್ರ. ಗೊರಕಿ ಅಷ್ಟ. ಉಸರಿಗೇನೂ ಆಗಂಗಿಲ್ಲ" ಎಂದೆ. ಅವ್ವ ಹೌದೆಂದು ತಲೆ ಆಡಿಸಿದಳು.

ಡಾಕ್ಟರರು ಒಳ್ಳೆಯವರು, ಅವರ ಮೇಲೆ ತಪ್ಪು ಹೊರಿಸಲಾರೆ. ಎಚ್ಚರಿದ್ದಾಗ ಕಾಣುವ ಗಂಟಲು ಬೇರೆ, ಮಲಗಿದಾಗ ಸಡಿಲಾಗುವ ಗಂಟಲು ಬೇರೆ ಎಂದು ಬಿಡಿಸಿ ಹೇಳಿದರು. ಕೆಲವರಿಗೆ ಮೇಲೆ ಅಂಗುಳದ ಹತ್ತಿರ ದಾರಿ ಮುಚ್ಚುತ್ತದಂತೆ, ಕೆಲವರಿಗೆ ಕೆಳಗೆ ನಾಲಿಗೆಯ ಬುಡದಲ್ಲಿ. ಎಲ್ಲಿ ಮುಚ್ಚುತ್ತದೆ ಎಂದು ತಿಳಿಯದೆ ಕತ್ತರಿ ಹಾಕುವುದು ಸರಿಯಲ್ಲ. ನಿದ್ದೆಯ ಔಷಧ ಕೊಟ್ಟು ಮಲಗಿಸಿ, ಮೂಗಿನೊಳಗಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ ಇದೆ, ಹೈದರಾಬಾದಿಗೆ ಹೋಗಿ ಮಾಡಿಸಿಕೊಂಡು ಬನ್ನಿ ಎಂದರು.

ನನಗೆ ನಗು ಬಂತು. "ಟ್ರ್ಯಾಕ್ಟರ್ ಮ್ಯಾಲ ಮಲಗೋ ಮನಷಾಗ ನಿದ್ದಿ ಔಷಧ ಕೊಡ್ತೀರೇನ್ರಿ?" ಎಂದೆ. "ಬಾಯಿ ತಗದ್ರ ಕಾಣಾಕತ್ತದಲ್ರಿ ಅಡ್ಡ. ಅದನ್ನ ತಗದ್ಬಿಡ್ರಿ."

"ಕಾಣೋದು ಅಡ್ಡ ಇರೋದು ಖರೇ. ಅದೊಂದೇ ಅಡ್ಡ ಅಂತ ಹೇಳಾಕ ಬರಂಗಿಲ್ಲ" ಎಂದರು ಅವರು.

ನಾನು ಪಟ್ಟು ಹಿಡಿದೆ. ಹಂಗಾಮು ನಡೆದಿದೆ, ಗಾಡಿ ನಿಂತಿದೆ, ಹೈದರಾಬಾದು ಯಾರಿಗೆ ಬೇಕು. ಉಸಿರಿಗೆ ಏನೂ ಆಗುವುದಿಲ್ಲ ಎಂದು ಮನೆಯವರು ಇಷ್ಟು ಗಟ್ಟಿಯಾಗಿ ಹೇಳಿದರೆ ಡಾಕ್ಟರರಾದರೂ ಏನು ಮಾಡಿಯಾರು? ಕಾಗದದ ಮೇಲೆ ಅಣ್ಣನ ಸಹಿಯ ಕೆಳಗೆ ನನ್ನ ಸಹಿಯೂ ಬಿತ್ತು. ನಿದ್ದೆಬಡುಕನಿಗೆ ನಿದ್ದೆ ಔಷಧ ಕೊಡುವ ಡಾಕ್ಟರರ ಕತೆಯನ್ನು ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ಅದನ್ನು ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಗಡ್ಡೆ ತೆಗೆದರು, ಕಿರುನಾಲಿಗೆ ಕತ್ತರಿಸಿ ಸಣ್ಣದು ಮಾಡಿದರು. ಹದಿನೈದು ದಿನ ಅಣ್ಣ ಗಂಜಿ ಕುಡಿದ. ಗಾಯ ಮಾಯ್ದ ಮೇಲೆ ಗೊರಕೆ ನಿಂತುಹೋಯಿತು. ಇಪ್ಪತ್ತೆರಡು ವರ್ಷದ ಸದ್ದು, ಕಡ್ಡಿ ಮುರಿದ ಹಾಗೆ ನಿಂತಿತು. ಅವ್ವ ಹೋಳಿಗೆ ಮಾಡಿಸಿ ಐದು ಮನೆಗೆ ಹಂಚಿದಳು. ಪಾಳಿಯಲ್ಲಿ ಡ್ರೈವರುಗಳು ಅಣ್ಣನ ಹತ್ತಿರ ಗಾಡಿ ನಿಲ್ಲಿಸಿ ನಿದ್ದೆ ಮಾಡತೊಡಗಿದರು. ಮಾಸ್ತರನ ಮಾತು ಖರೆಯಾಯಿತು ಎಂದು ಊರೆಲ್ಲ ಅಂದಿತು.

ವೈನಿಗೆ ಮಾತ್ರ ಕಣ್ಣು ಕಟ್ಟಿ ಅಡವಿಯಲ್ಲಿ ಬಿಟ್ಟಂತಾಯಿತು. ಗೊರಕೆ ಕಡಿದರೆ ಏಳಬೇಕು ಎಂಬುದು ಅವಳ ಲೆಕ್ಕ. ಈಗ ಕಡಿಯಲು ಗೊರಕೆಯೇ ಇಲ್ಲ. ಉಸಿರು ನಿಲ್ಲುವುದು ಮಾತ್ರ ನಿಂತಿರಲಿಲ್ಲ, ಸದ್ದಿಲ್ಲದೆ ನಿಲ್ಲುತ್ತಿತ್ತು. ಆಗ ಅವಳು ಅಣ್ಣನ ಪಕ್ಕೆಲುಬಿನ ಮೇಲೆ ಅಂಗೈ ಇಟ್ಟುಕೊಂಡು ಮಲಗುವುದನ್ನು ಕಲಿತಳು. ಕಿವಿ ಮಾಡುತ್ತಿದ್ದ ಕೆಲಸವನ್ನು ಕೈ ಮಾಡಬೇಕಾಯಿತು. ಅಂಗೈ ಕೆಳಗೆ ಎದೆ ಎಳೆದಾಡಿದರೂ ಬಾಯಿಯ ಹತ್ತಿರ ಗಾಳಿ ಬರದಿದ್ದರೆ ಎರಡು ಬೆರಳು.

ಒಂದು ಸಲ, ಒಂದೇ ಸಲ, ಅವಳು ನನಗೆ ಹೇಳಲು ನೋಡಿದಳು. ನಾನು ಊಟಕ್ಕೆ ಕೂತಿದ್ದೆ. ಅವಳು ಹಂಚಿನ ಕಡೆ ಮುಖ ಮಾಡಿದ್ದಳು.

"ಮಾಸ್ತರ, ಗೊರಕಿ ಹೋತು ಅಂದ್ರ ಬ್ಯಾನಿ ಹೋತು ಅಂತೇನ್ರಿ?"

"ಮತ್ತೇನ್ರಿ ವೈನಿ? ಬೆಂಕಿ ಆರಿದ ಮ್ಯಾಲ ಹೊಗಿ ಎಲ್ಲಿಂದ ಬರ್ತದ?"

"ಹಂಗಲ್ರಿ" ಎಂದಳು. ರೊಟ್ಟಿ ತಿರುವಿ ಹಾಕಿದಳು. ಅವ್ವ ಒಳಗೆ ಬಂದಳು. ಮಾತು ಅಲ್ಲಿಗೆ ಮುಗಿಯಿತು.

ಒಂದೂವರೆ ವರ್ಷದಲ್ಲಿ ಅಣ್ಣನ ಕಾಲು ಬಾತವು. ಬಿ.ಪಿ. ಮೂರು ಗುಳಿಗೆಗೂ ಇಳಿಯಲಿಲ್ಲ. ಮುಂಜಾನೆ ಎದ್ದರೆ ತಲೆ ಒಡೆಯುವ ನೋವು. ಹಾಡುಹಗಲು ನಿಂತಲ್ಲೇ ತೂಕಡಿಸುತ್ತಿದ್ದ, ಟ್ರ್ಯಾಕ್ಟರನ್ನು ಬೇರೆಯವರ ಕೈಗೆ ಕೊಟ್ಟಾಗಿತ್ತು. ಇಷ್ಟರಲ್ಲಿ ಕಲಬುರಗಿಯಲ್ಲೇ ಆ ಕ್ಯಾಮೆರಾ ಪರೀಕ್ಷೆ ಮಾಡುವ ಹೊಸ ಡಾಕ್ಟರು ಬಂದಿದ್ದಾರೆ ಎಂದು ಗೊತ್ತಾಯಿತು. ಹೆಸರು ಮಿನಾಜ. ನಲವತ್ತರ ಒಳಗಿನ ಹೆಣ್ಣುಮಗಳು, ಮೆಲುದನಿಯ ಮಾತು. ಆಕೆ ಮೊದಲು ಒಂದು ಇರುಳು ವೈರುಗಳನ್ನು ಹಚ್ಚಿ ಅಣ್ಣನನ್ನು ಮಲಗಿಸಿದರು. ತಾಸಿಗೆ ನಲವತ್ತೇಳು ಸಲ ಉಸಿರು ಕಟ್ಟುತ್ತದೆ ಎಂದು ಕಾಗದ ತೋರಿಸಿದರು. ನಾನು ಅದನ್ನು ಎರಡು ಸಲ ಓದಿದೆ. ನಾನು ಯಾವ ಡಾಕ್ಟರಿಗೆ ಏನು ಹೇಳಿದ್ದೆ ಎಂಬುದು ಆಗ ಮೊದಲ ಸಲ ಎದೆಗೆ ಬಡಿಯಿತು.

"ಇವರ ಬಾಜೂಕ ಮಲಗೋರು ಯಾರ್ರಿ?" ಎಂದು ಕೇಳಿದರು ಆಕೆ.

"ಅಂಥಾ ಮಾತ ನಮ್ಮ ಸೊಸಿ ಆಡಂಗಿಲ್ರಿ ತಾಯಿ, ಏನ ಬೇಕು ನನ್ನ ಮಗ ಮಾಸ್ತರನ್ನ ಕೇಳ್ರಿ" ಎಂದಳು ಅವ್ವ.

"ಮಾಸ್ತರ ಇವರ ಬಾಜೂಕ ಮಲಗ್ತಾರೇನ್ರಿ ಅಮ್ಮಾ?" ಎಂದು ಡಾಕ್ಟರು ನಗದೆ, ಗಂಭೀರವಾಗಿಯೇ ಕೇಳಿದರು. ಆಮೇಲೆ ನನ್ನನ್ನೂ ಅವ್ವನನ್ನೂ ಹೊರಗೆ ಕಳಿಸಿ, ಬೆಂಚಿನ ಮೇಲೆ ಕೂತ ವೈನಿಯನ್ನು ಒಳಗೆ ಕರೆದರು. ಬುತ್ತಿಗಂಟು ನನ್ನ ತೊಡೆಯ ಮೇಲೆ ಬಂತು. ಅರ್ಧ ತಾಸು ಬಾಗಿಲು ಮುಚ್ಚಿತ್ತು. ಅವ್ವ ಗೊಣಗುತ್ತಿದ್ದಳು. ವೈನಿ ಹೊರಗೆ ಬಂದಾಗ ಕಣ್ಣು ಕೆಂಪಾಗಿದ್ದವು. ಇಪ್ಪತ್ತನಾಲ್ಕು ವರ್ಷದಲ್ಲಿ ಅವಳನ್ನು ಆ ಮಾತು ಕೇಳಿದವರು ಅವರೊಬ್ಬರೇ.

ಮರುವಾರ ಪರೀಕ್ಷೆ ಆಯಿತು. ಅಣ್ಣನಿಗೆ ಔಷಧ ಕೊಟ್ಟು ಮಲಗಿಸಿ ಕ್ಯಾಮೆರಾ ಇಳಿಸಿದರು. ಮುಗಿದ ಮೇಲೆ ವೈನಿಯನ್ನೂ ನನ್ನನ್ನೂ ಕರೆದು ಕಂಪ್ಯೂಟರಿನಲ್ಲಿ ತೋರಿಸಿದರು. ನಾನು ಹಲಗೆಯ ಮೇಲೆ ಬರೆಯುತ್ತಿದ್ದ ಚಿತ್ರದಲ್ಲಿ ಆ ದಾರಿ ಯಾವಾಗಲೂ ತೆರೆದೇ ಇರುತ್ತದೆ. ಇಲ್ಲಿ ಕೆಂಪು ತೊಗಲಿನ ಒದ್ದೆ ಓಣಿಯೊಂದು ಕಂಡಿತು. ಮೇಲ್ಭಾಗದಲ್ಲಿ, ಹಿಂದೆ ಕತ್ತರಿಸಿದ ಜಾಗದಲ್ಲಿ, ದಾರಿ ಚೆನ್ನಾಗಿಯೇ ತೆರೆದಿತ್ತು. ಕೆಳಗೆ ನಾಲಿಗೆಯ ಬುಡ ಮೆಲ್ಲಗೆ ಹಿಂದಕ್ಕೆ ಸರಿದು ಬಂದು ಗಂಟಲ ಗೋಡೆಗೆ ಆತುಕೊಂಡಿತು. ಓಣಿ ಮುಚ್ಚಿತು. ನಾನು ಮನಸ್ಸಿನಲ್ಲೇ ಎಣಿಸಿದೆ, ಇಪ್ಪತ್ತಾದರೂ ತೆರೆಯಲಿಲ್ಲ. ಆಮೇಲೆ ಡಾಕ್ಟರು ಹೊರಗಿನಿಂದ ಅವನ ಗದ್ದ ಹಿಡಿದು ಮುಂದಕ್ಕೆ ಎತ್ತಿದರಂತೆ. ನಾಲಿಗೆ ಗೋಡೆ ಬಿಟ್ಟಿತು, ಓಣಿ ತೆರೆಯಿತು.

"ನೋಡ್ರಿ ಮಾಸ್ತರ" ಎಂದರು ಡಾಕ್ಟರು. "ಅಡ್ಡ ಎಲ್ಲದ ಅಂತ ತಿಳೀಲಿಕ್ಕ ನನಗ ಇಷ್ಟೆಲ್ಲ ಸಾಮಾನ ಬೇಕಾತು. ಗದ್ದ ಎತ್ತಿದ್ರ ದಾರಿ ತೆರೀತದಂತ ಇವರಿಗೆ ಮೊದಲ ಗೊತ್ತಿತ್ತು. ಎರಡ ಬೆರಳಿನ್ಯಾಗ ಮಾಡ್ಕೋತ ಬಂದಾರ. ಇವರನ್ನ ಅವಾಗ ಒಂದ್ ಮಾತು ಕೇಳಿದ್ರ ಆ ಗಂಟಲದ ಆಪರೇಷನ್ನಿಗೆ ಯಾರೂ ಅವಸರ ಮಾಡ್ತಿದ್ದಿಲ್ಲ."

ನಾನು ನೆಲ ನೋಡಿದೆ. ವೈನಿ ಸೆರಗು ಬಾಯಿಗೆ ಒತ್ತಿಕೊಂಡು ಪರದೆಯನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಕತ್ತಲಲ್ಲಿ ಬೆರಳಿಗೆ ಸಿಕ್ಕದ್ದು ಅಂದು ಅವಳ ಕಣ್ಣಿಗೆ ಕಂಡಿತ್ತು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಾನು ಇವತ್ತು ಇಷ್ಟು ಬೇಯುತ್ತಿರಲಿಲ್ಲ.

ನಾಲಿಗೆಯ ಬುಡಕ್ಕೆ ಶಸ್ತ್ರಕ್ರಿಯೆ ಎಂದು ನಿರ್ಧಾರವಾಯಿತು. ದಿನವೂ ಗೊತ್ತಾಯಿತು, ಮಾರ್ಚಿನ ಒಂದು ಸೋಮವಾರ. ಅಲ್ಲಿಯವರೆಗೆ ಮೂಗಿಗೆ ಗಾಳಿ ಊದುವ ಮಶೀನು ಹಚ್ಚಿಕೊಂಡೇ ಮಲಗಬೇಕು, ಹಗಲು ಮಲಗಿದರೂ ಅಷ್ಟೇ. ಅಂಗಾತ ಮಲಗಲೇಬಾರದು. ಹೃದಯ ಬಹಳ ದಣಿದಿದೆ ಎಂದು ಡಾಕ್ಟರು ಎರಡು ಸಲ ಹೇಳಿದರು. ಮಶೀನು ಬಂತು. ನಮ್ಮೂರಿನ ಕರೆಂಟು ಹೇಗೆ ಎಂದು ನಮಗೆ ಗೊತ್ತೇ ಇದೆ. ಕರೆಂಟು ಹೋದ ಹೊತ್ತಿಗೆ ವೈನಿಯ ಕೈ ಇತ್ತು.

ಆ ಸೋಮವಾರಕ್ಕೆ ನಾಲ್ಕು ದಿನ ಇರುವಾಗ, ಗುರುವಾರ ಮುಂಜಾನೆ, ನೆಲೋಗಿಯಿಂದ ಫೋನು ಬಂತು. ವೈನಿಯ ತಾಯಿ ತೀರಿಕೊಂಡಿದ್ದಳು. ಅಣ್ಣ ಹೊರಟು ನಿಂತ. ಶಸ್ತ್ರಕ್ರಿಯೆ ಮುಂದಿಟ್ಟುಕೊಂಡು ಸತ್ತ ಮನೆಗೆ ಹೋಗಬಾರದು ಎಂದು ಅವ್ವ ಬಾಗಿಲಿಗೆ ಅಡ್ಡ ನಿಂತಳು. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಹೇಳುವವರೂ ನಾವೇ, ಹೀಗೆ ಅಡ್ಡ ನಿಲ್ಲುವವರೂ ನಾವೇ. ವೈನಿ ಒಬ್ಬಳೇ ಹೋಗುವುದೆಂದಾಯಿತು. ಹೆತ್ತ ತಾಯಿ, ಹೋಗದೆ ಹೇಗಿರುತ್ತಾಳೆ? ಶನಿವಾರ ಮೂರನೇ ದಿನದ ಕಾರ್ಯ ಮುಗಿಸಿ ಬರುತ್ತೇನೆ ಎಂದಳು.

ಹೊರಡುವ ಮುಂಚೆ ನನ್ನನ್ನು ಪಡಸಾಲೆಗೆ ಕರೆದಳು. ಅಳುತ್ತಲೇ ಇದ್ದಳು, ಆದರೆ ಮಾತು ಸ್ಪಷ್ಟವಿತ್ತು.

"ಮಾಸ್ತರ, ನಿಮ್ಮಣ್ಣಾರ ಬಾಜೂಕ ನೀವ ಇರ್ರಿ. ಅತ್ತಿಯವರಿಗೆ ಕಣ್ಣ ಸರಿ ಕಾಣಂಗಿಲ್ಲ. ಕರೆಂಟ ಹೋದ್ರ ಮಶೀನ ತಗೀರಿ, ಮಗ್ಗಲಿಗೆ ಹೊರಳಸ್ರಿ. ಕಿವಿ ನಂಬಬ್ಯಾಡ್ರಿ. ಸಪ್ಪಳ ಇಲ್ಲಂದ್ರ ಆರಾಮ ಅದಾರಂತ ತಿಳೀಬ್ಯಾಡ್ರಿ. ಎದಿ ಮ್ಯಾಲ ಕೈ ಇಡ್ರಿ. ಗಾಳಿ ಬರಲಿಲ್ಲಂದ್ರ ಗದ್ದ ಹಿಡದ ಎತ್ರಿ."

"ಹ್ಯಾಂಗ ಎತ್ತಬೇಕ್ರಿ?"

ಅಣ್ಣ ಅಲ್ಲೇ ಹೊರಸಿನ ಮೇಲೆ ಕೂತಿದ್ದ. ಅವನ ಮುಖ ಮುಟ್ಟಿ ತೋರಿಸಿದ್ದರೆ ಎರಡು ಗಳಿಗೆಯ ಕೆಲಸ. ಆದರೆ ಮೈದುನನ ಮುಂದೆ, ಅತ್ತೆಯ ಮುಂದೆ, ಗಂಡನ ಮುಖ ಮುಟ್ಟುವುದುಂಟೇ? ಅವಳು ಕೈಗೆ ಸಿಕ್ಕ ತಂಬಿಗೆಯನ್ನು ಮಲಗಿಸಿ, ಅದರ ಕಂಠದ ಕೆಳಗೆ ಎರಡು ಬೆರಳು ಕೊಟ್ಟು ಮುಂದಕ್ಕೆ ಎತ್ತಿ ತೋರಿಸಿದಳು. "ಹಿಂಗ್ರಿ. ಮ್ಯಾಲಲ್ಲ, ಮುಂದಕ್ಕ. ತಿಳೀತಲ್ರಿ?" ಎಂದಳು. ತಿಳಿಯಿತು ಎಂದೆ. ಅದು ಸುಳ್ಳಲ್ಲ, ನನಗೆ ಖಂಡಿತ ತಿಳಿದಿತ್ತು.

ಗುರುವಾರ ಕಳೆಯಿತು. ಕರೆಂಟಿತ್ತು, ಮಶೀನು ನಡೆಯಿತು. ಶುಕ್ರವಾರ ನಾನು ಶಾಲೆಗೆ ರಜೆ ಹಾಕಿದೆ. ಹತ್ತನೆಯವರ ಉತ್ತರ ಪತ್ರಿಕೆಗಳ ಕಟ್ಟು ಮನೆಗೇ ತಂದಿದ್ದೆ. ಊಟವಾದ ಮೇಲೆ ಅಣ್ಣ ಪಡಸಾಲೆಯಲ್ಲಿ ಮಶೀನು ಹಚ್ಚಿಕೊಂಡು ಮಲಗಿದ. ನಾನು ಎರಡು ಮೊಳ ದೂರದಲ್ಲಿ ಗೋಡೆಗೆ ಒರಗಿ ಕೆಂಪು ಪೆನ್ನು ಹಿಡಿದು ಕೂತೆ. ಎರಡೂವರೆಗೆ ಕರೆಂಟು ಹೋಯಿತು. ನಾನು ಎದ್ದು ಮಶೀನು ತೆಗೆದೆ, ಅವನನ್ನು ಮಗ್ಗಲಿಗೆ ಹೊರಳಿಸಿದೆ, ಬೆನ್ನಿಗೆ ಕೌದಿ ಕೊಟ್ಟೆ. ಅಣ್ಣ ಅರೆಗಣ್ಣು ತೆರೆದು, "ನೀ ಕೆಲಸ ಮಾಡ್ಕೋ ಹೋಗಲೇ" ಎಂದ. ಅವನ ಕೊನೆಯ ಮಾತು ಅದು.

ಕೈ ಇಡಬೇಕಿತ್ತು. ಒಂದು ಗಳಿಗೆ ಇಟ್ಟೆ ಕೂಡ. ಅಣ್ಣನ ಎದೆ ಬೆಚ್ಚಗಿತ್ತು. ಬಾಗಿಲು ತೆರೆದಿತ್ತು, ಓಣಿಯಲ್ಲಿ ಜನ ಓಡಾಡುತ್ತಿದ್ದರು. ಐವತ್ತರ ಗಂಡಸು, ಹೈಸ್ಕೂಲ್ ಮಾಸ್ತರ, ಅಣ್ಣನ ಎದೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಾನೆ ಎಂದರೆ ನೋಡಿದವರು ಏನಂದಾರು? ಪತ್ರಿಕೆಗಳು ಬೇರೆ ನಲವತ್ತು ಉಳಿದಿದ್ದವು. ಕೈ ತೆಗೆದೆ. ಕಿವಿ ಇದೆಯಲ್ಲ ಎಂದುಕೊಂಡೆ.

ನಡುವೆ ಒಮ್ಮೆ ತಲೆ ಎತ್ತಿ ನೋಡಿದೆ. ಅವನು ಅಂಗಾತ ಹೊರಳಿದ್ದ. ಸದ್ದಿರಲಿಲ್ಲ. ಎಂಥ ಚಲೋ ನಿದ್ದೆ ಹತ್ತಿದೆ, ಎಬ್ಬಿಸುವುದು ಬೇಡ, ಪಾಪ ಎಂದು ಮುಂದಿನ ಪತ್ರಿಕೆ ತೆಗೆದುಕೊಂಡೆ. ಅವಳು ಬೇಡವೆಂದದ್ದನ್ನೇ ಅಕ್ಷರ ಬಿಡದೆ ಮಾಡಿದೆ. ನಾಲ್ಕಕ್ಕೆ ಚಹಾ ತಂದು, "ಅಣ್ಣಾ, ಏಳು, ಚಾ" ಎಂದೆ. ತುಟಿ ನೀಲಿಯಾಗಿದ್ದವು. ಆಗ ಗದ್ದ ಎತ್ತಿದೆ. ಎತ್ತಿದೆ, ಎತ್ತಿದೆ, ಅವ್ವ ಬಂದು ನನ್ನ ಕೈ ಬಿಡಿಸುವವರೆಗೂ ಎತ್ತಿದೆ.

ಹೃದಯ ತಾನಾಗಿಯೇ ನಿಂತಿರಬಹುದು, ಕೈ ಇಟ್ಟಿದ್ದರೂ ಏನಾಗುತ್ತಿತ್ತೋ ಹೇಳಲಾಗದು ಎಂದು ಮಿನಾಜ ಡಾಕ್ಟರು ಫೋನಿನಲ್ಲಿ ಹೇಳಿದರು. ಒಳ್ಳೆಯ ಮಾತು. ನನಗೆ ಅದು ಹತ್ತಲಿಲ್ಲ.

ವೈನಿ ಜೇವರ್ಗಿಗೆ ಬಂದು ಗಾಡಿ ಬದಲಿಸಿ ಊರು ಮುಟ್ಟಿದಾಗ ಮನೆಯ ಮುಂದೆ ಜನ ತುಂಬಿತ್ತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹಣೆತುಂಬ ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸುತ್ತೇವೆ, ಬಾಯಿ ತೆರೆಯದಂತೆ ಗದ್ದಕ್ಕೆ ಬಿಳಿ ಬಟ್ಟೆ ಕಟ್ಟುತ್ತೇವೆ. ಅಣ್ಣ ಹಾಗೆ ಕೂತಿದ್ದ. ತಾಯಿಯನ್ನು ಮಣ್ಣು ಮಾಡಿ ಬಂದವಳು ಅಳಲಿಲ್ಲ, ಯಾರನ್ನೂ ನೋಡಲಿಲ್ಲ. ನೇರ ಅವನ ಮುಂದೆ ಮಂಡಿ ಊರಿ ಕೂತಳು. ಎಡಗೈಯನ್ನು ಅವನ ಎದೆಯ ಮೇಲೆ ಇಟ್ಟಳು. ಬಲಗೈಯ ಎರಡು ಬೆರಳನ್ನು ಆ ಬಟ್ಟೆಯ ಒಳಗೆ ತೂರಿಸಿ ಗದ್ದದ ಕೆಳಗೆ ಕೊಟ್ಟು ಮುಂದಕ್ಕೆ ಎತ್ತಿದಳು. ಎತ್ತಿ ಹಿಡಿದು, ತಲೆ ಓರೆ ಮಾಡಿ, ಕಿವಿಯನ್ನು ಅವನ ಬಾಯಿಯ ಹತ್ತಿರ ಒಯ್ದು ಕಾಯ್ದಳು. ಅತ್ತೆ ಇದ್ದಳು, ನಾನಿದ್ದೆ, ಇಡೀ ಊರಿತ್ತು. ಹೆಂಗಸರು ಎಳೆದರೆ ಬರಲಿಲ್ಲ. "ತಡೀರಿ, ಒಮ್ಮೊಮ್ಮೆ ತಡಾ ಆಗ್ತದ" ಎಂದಳು.

ಹನ್ನೊಂದನೆಯ ದಿನ, ಬಂದವರೆಲ್ಲ ಹೋದ ಮೇಲೆ, ನಾನು ಕಟ್ಟೆಯ ಮೇಲೆ ಕೂತಿದ್ದೆ. ವೈನಿ ಹೊಸ್ತಿಲಿಗೆ ಬಂದು ನಿಂತಳು.

"ಮಾಸ್ತರ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಕೈ ಇಟ್ಟಿದ್ರೇನ್ರಿ?"

"ಇಟ್ಟಿದ್ದೆ ವೈನಿ" ಎಂದೆ.

"ಗದ್ದ?"

"ಎತ್ತಿದ್ನಿ. ಉಸರ ಬರಲಿಲ್ಲ."

ಎರಡನೇ ಸಲ ಇಷ್ಟು ಸುಲಭವಾಗಿ ನನ್ನ ಬಾಯಿಂದ ಸುಳ್ಳು ಬಂತು. ಅವಳಿಗೂ ಸಮಾಧಾನವಾಗಲಿ, ಯಾರ ಕೈಯಲ್ಲೂ ಇರಲಿಲ್ಲ ಎಂದುಕೊಳ್ಳಲಿ ಎಂದು ಹೇಳಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅವಳು ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು.

"ಹಂಗ ಇದ್ರ ನಂದ ತಪ್ಪು ಮಾಸ್ತರ" ಎಂದಳು. "ತಂಬಿಗಿ ಮ್ಯಾಲ ತೋರಿಸಿದ್ನಿ. ತಂಬಿಗಿಗೆ ಗದ್ದ ಎಲ್ಲಿರ್ತದ? ನಿಮಗರೇ ಹ್ಯಾಂಗ ತಿಳೀಬೇಕು. ಅವರ ಮಾರಿ ಮ್ಯಾಲೇ ತೋರಸಬೇಕಿತ್ತು. ನಾಚಿದೆ ನಾನು."

ಮೂರು ವರ್ಷವಾಯಿತು. ಈಗ ಊರಿನ ಹೆಂಗಸರು, ಗಂಡ ಗೊರಕೆ ಹೊಡೆಯುವವರು, ವೈನಿಯ ಹತ್ತಿರ ಬರುತ್ತಾರೆ. ಅವಳು ನಾಚದೆ ಬಂದವಳ ಗದ್ದವನ್ನೇ ಹಿಡಿದು ಎತ್ತಿ ತೋರಿಸುತ್ತಾಳೆ, ಡಾಕ್ಟರಲ್ಲಿಗೆ ಹೋದಾಗ ಹೊರಗೆ ಕೂರಬೇಡ, ಒಳಗೆ ಹೋಗಿ ನೀನೇ ಹೇಳು ಎಂದು ಕಳಿಸುತ್ತಾಳೆ. "ನಾ ಸರಿಯಾಗಿ ತೋರಿಸಲಿಲ್ಲಂತ ನಮ್ಮವರು ಹೋದ್ರು" ಎಂದು ಪ್ರತಿಯೊಬ್ಬಳಿಗೂ ಹೇಳುತ್ತಾಳೆ. ನಾನು ಅಲ್ಲೇ ಪಡಸಾಲೆಯಲ್ಲಿ ಪೇಪರು ಹಿಡಿದು ಕೂತಿರುತ್ತೇನೆ. ಇವತ್ತು ಹೇಳಿಬಿಡಬೇಕು ಎಂದುಕೊಳ್ಳುತ್ತೇನೆ. ಇನ್ನೂ ಹೇಳಿಲ್ಲ.